‘ಮಸ್ಟ್’ನ ಭೂತಕಾಲ ಯಾವುದು? ‘ಹ್ಯಾಡ್ ಟು’, ‘ಮಸ್ಟ್ ಹ್ಯಾವ್’, ‘ಶುಡ್ ಹ್ಯಾವ್’ ಯಾವಾಗ ಬಳಸಬೇಕು?

‘ನಿನ್ನೆ ಬೇಗ ಹೊರಡಬೇಕಾಯಿತು’ ಎಂದು ತಿಳಿಸಲು ಆಫೀಸಿನ ಮೇಲ್‌ನಲ್ಲಿ ‘ಐ ಮಸ್ಟ್ ಹ್ಯಾವ್ ಲೆಫ್ಟ್ ಅರ್ಲಿ ಯೆಸ್ಟರ್‌ಡೇ’ ಎಂದು ಬರೆದೆ, ಓದಿದವರಿಗೆ ಗೊಂದಲವಾಯಿತು, ತಪ್ಪೆಲ್ಲಿ ಎಂದು ಕೇಳಿದ್ದೀರಿ. ಆ ವಾಕ್ಯದಲ್ಲಿ ವ್ಯಾಕರಣ ಸರಿಯಾಗಿಯೇ ಇದೆ, ಅರ್ಥ ಮಾತ್ರ ಬೇರೆ. ಓದಿದವರಿಗೆ ಅದು ‘ನಾನು ನಿನ್ನೆ ಬೇಗ ಹೊರಟಿರಬೇಕು’ ಎಂದು ಕೇಳಿಸುತ್ತದೆ, ಅಂದರೆ ಹೊರಟಿದ್ದು ನಿಮಗೇ ನೆನಪಿಲ್ಲ, ಊಹೆ ಮಾಡುತ್ತಿದ್ದೀರಿ ಎಂದು. ನಿಮಗೆ ಬೇಕಾಗಿದ್ದದ್ದು ‘ಐ ಹ್ಯಾಡ್ ಟು ಲೀವ್ ಅರ್ಲಿ’.

ತೊಡಕು ಶುರುವಾಗುವುದು ‘ಬೇಕು ಅಂದರೆ ಮಸ್ಟ್’ ಎಂದು ಬಾಯಿಪಾಠ ಮಾಡಿದಲ್ಲಿ. ಹೊರಡಬೇಕಾಯಿತು, ಹೊರಟಿರಬೇಕು, ಹೊರಡಬೇಕಿತ್ತು ಈ ಮೂರರಲ್ಲೂ ‘ಬೇಕು’ ಇದೆ, ಆದರೆ ಮೂರಕ್ಕೂ ಇಂಗ್ಲಿಷ್ ಬೇರೆ ಬೇರೆ. ಒಳ್ಳೆಯ ಸುದ್ದಿಯೆಂದರೆ ಕನ್ನಡ ಮಾತಾಡುವವರಿಗೆ ಈ ವ್ಯತ್ಯಾಸ ಹೊಸದಾಗಿ ಕಲಿಯಬೇಕಾದ್ದೇ ಅಲ್ಲ. ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು ಕ್ರಿಯಾಪದದ ಬಾಲ ನೋಡಿ.

ಬಾಲದಲ್ಲಿ ‘ಆಯಿತು’ ಇದ್ದರೆ ಕೆಲಸ ನಿಜವಾಗಿ ನಡೆದಿದೆ. ಅಲ್ಲಿ ‘ಹ್ಯಾಡ್ ಟು’ ಹಾಕಿ, ಮುಂದೆ ಕ್ರಿಯಾಪದದ ಮೊದಲ ರೂಪ: ‘ಹ್ಯಾಡ್ ಟು ಗೋ’, ‘ಹ್ಯಾಡ್ ಟು ಪೇ’. ‘ಮಸ್ಟ್’ಗೆ ಸ್ವಂತ ಭೂತಕಾಲದ ರೂಪ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದೇ ಒಂದು ಭೂತಕಾಲದ ರೂಪವಾಗಿತ್ತು, ಆಮೇಲೆ ವರ್ತಮಾನಕ್ಕೆ ಬಂದು ನೆಲೆಸಿತು. ಹಾಗಾಗಿ ‘ಮಾಡಲೇಬೇಕಾಯಿತು’ ಎನ್ನಲು ‘ಹ್ಯಾಡ್ ಟು’ ಅನ್ನೇ ಕರೆಯಬೇಕು.

ಬಾಲದಲ್ಲಿ ‘ಇರಬೇಕು’, ‘ಇರಬಹುದು’ ಬಂದರೆ ಅದು ಊಹೆ. ಬಾಲ ‘ಇತ್ತು’ ಆದರೆ ಆ ಕೆಲಸ ನಡೆದೇ ಇಲ್ಲ: ಹೊರಡಬೇಕಿತ್ತು, ಹೊರಡಲಿಲ್ಲ. ಈ ಎರಡಕ್ಕೂ ಇಂಗ್ಲಿಷಿನ ಅಚ್ಚು ಒಂದೇ: ಮೊದಲು ಮೋಡಲ್ (ಮಸ್ಟ್, ಶುಡ್, ಕುಡ್, ಮೈಟ್‌ನಂಥ ಸಹಾಯಕ ಪದ), ಅದಾದಮೇಲೆ ‘ಹ್ಯಾವ್’, ಅದಾದಮೇಲೆ ಕ್ರಿಯಾಪದದ ಮೂರನೇ ರೂಪ, ಅಂದರೆ ಗೋ–ವೆಂಟ್–ಗಾನ್‌ನಲ್ಲಿ ‘ಗಾನ್’. ಕನ್ನಡ ಬಾಲದಲ್ಲಿ ತೋರಿಸುವ ವ್ಯತ್ಯಾಸವನ್ನು ಇಂಗ್ಲಿಷ್ ಮೋಡಲ್ ಬದಲಿಸಿ ತೋರಿಸುತ್ತದೆ.

ಊಹೆಯ ಗುಂಪನ್ನು ಒಂದು ಸನ್ನಿವೇಶದಲ್ಲಿಟ್ಟು ನೋಡೋಣ. ಪರಿಚಯದವರ ಮನೆಗೆ ಹೋಗಿದ್ದೀರಿ. ಬಾಗಿಲಿಗೆ ಬೀಗ, ಹೊಸ್ತಿಲ ಬಳಿ ಚಪ್ಪಲಿ ಇಲ್ಲ, ಗೇಟಿನ ಒಳಗೆ ಸ್ಕೂಟರೂ ಇಲ್ಲ. ‘ಹೊರಗೆ ಹೋಗಿರಬೇಕು’: ‘ದೇ ಮಸ್ಟ್ ಹ್ಯಾವ್ ಗಾನ್ ಔಟ್’. ಸಾಕ್ಷಿ ಗಟ್ಟಿಯಾಗಿರುವುದರಿಂದ ‘ಮಸ್ಟ್’. ಬೀಗ ಇದೆ, ಸ್ಕೂಟರ್ ಅಲ್ಲೇ ನಿಂತಿದೆ ಅಂದರೆ ‘ವಾಕಿಂಗ್ ಹೋಗಿರಬಹುದು’: ‘ದೇ ಮೈಟ್ ಹ್ಯಾವ್ ಗಾನ್ ಫಾರ್ ಎ ವಾಕ್’. ಇಲ್ಲಿ ‘ಮೇ ಹ್ಯಾವ್’ ಕೂಡ ನಡೆಯುತ್ತದೆ. ಬೀಗವಿಲ್ಲ, ಒಳಗೆ ಟಿವಿ ಸದ್ದು ಕೇಳುತ್ತಿದೆ ಅಂದರೆ ‘ಹೋಗಿರಲು ಸಾಧ್ಯವೇ ಇಲ್ಲ’: ‘ದೇ ಕಾಂಟ್ ಹ್ಯಾವ್ ಗಾನ್ ಔಟ್’. ‘ಮಸ್ಟ್ ಹ್ಯಾವ್’ನ ವಿರುದ್ಧಪದ ಬ್ರಿಟಿಷ್ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಕಾಂಟ್ ಹ್ಯಾವ್’. ಅಮೆರಿಕದವರು ‘ಮಸ್ಟ್ ನಾಟ್ ಹ್ಯಾವ್’ ಕೂಡ ಧಾರಾಳವಾಗಿ ಬಳಸುತ್ತಾರೆ. ಆದರೆ ನೇರ ಹೇಳಿಕೆಯಲ್ಲಿ ‘ದೇ ಕ್ಯಾನ್ ಹ್ಯಾವ್ ಗಾನ್’ ಬೇಡ, ಈ ಅಚ್ಚಿನಲ್ಲಿ ‘ಕ್ಯಾನ್’ ಇಲ್ಲವೆನ್ನುವಾಗ ಮತ್ತು ಪ್ರಶ್ನೆ ಕೇಳುವಾಗ ಮಾತ್ರ ಹೊಂದುತ್ತದೆ. ಅವರು ಬಾಗಿಲು ತೆರೆಯುತ್ತಿಲ್ಲ, ‘ನಿದ್ದೆ ಮಾಡ್ತಿರಬೇಕು’ ಅಂದರೆ ‘ದೇ ಮಸ್ಟ್ ಬಿ ಸ್ಲೀಪಿಂಗ್’. ಅದನ್ನೇ ಮರುದಿನ ನೆನೆದು ಹೇಳುವಾಗ ‘ದೇ ಮಸ್ಟ್ ಹ್ಯಾವ್ ಬೀನ್ ಸ್ಲೀಪಿಂಗ್’.

‘ಇತ್ತು’ ಗುಂಪಿನಲ್ಲಿ ‘ಹೋಗಬೇಕಿತ್ತು’ಗೆ ‘ಶುಡ್ ಹ್ಯಾವ್ ಗಾನ್’, ‘ಹೋಗಬಾರದಿತ್ತು’ಗೆ (ಇದರಲ್ಲಿ ಮಾತ್ರ ಹೋದದ್ದು ಆಗಿಹೋಗಿದೆ) ‘ಶುಡ್ ನಾಟ್ ಹ್ಯಾವ್ ಗಾನ್’, ‘ಹೋಗಬಹುದಿತ್ತು’ಗೆ ‘ಕುಡ್ ಹ್ಯಾವ್ ಗಾನ್’. ‘ಪಾರ್ಸೆಲ್ ಇಷ್ಟೊತ್ತಿಗೆ ಬಂದಿರಬೇಕಿತ್ತು’ ಅಂದರೆ ಇನ್ನೂ ಬಂದಿಲ್ಲ, ಅದಕ್ಕೂ ‘ಶುಡ್ ಹ್ಯಾವ್ ಕಮ್ ಬೈ ನೌ’. ‘ಶುಡ್ ಹ್ಯಾವ್’ನಲ್ಲಿ ದೂರಿನ ಛಾಯೆ ಇರುತ್ತದೆ. ‘ಯು ಶುಡ್ ಹ್ಯಾವ್ ಟೋಲ್ಡ್ ಮಿ’ ಎಂದು ಹಿರಿಯರಿಗೆ ಬರೆದರೆ ನೇರವಾಗಿ ತಪ್ಪು ಹೊರಿಸಿದಂತೆ ಆಗುತ್ತದೆ, ಮೇಲ್‌ನಲ್ಲಿ ಜೋಪಾನ. ಕೆಲಸ ಬಾಕಿ ಉಳಿದದ್ದನ್ನು ಯಾರ ಹೆಸರೂ ಎತ್ತದೆ ಹೇಳಲು ‘ದ ಫೈಲ್ ಶುಡ್ ಹ್ಯಾವ್ ಬೀನ್ ಸೆಂಟ್’ ಸ್ವಲ್ಪ ಮೆತ್ತಗಿದೆ.

‘ಬೇಕಿತ್ತು’ ಕಂಡಲ್ಲೆಲ್ಲ ‘ಶುಡ್ ಹ್ಯಾವ್’ ಹಾಕಿಬಿಡಬೇಡಿ. ಕೌಂಟರ್ ಮುಂದೆ ನಿಂತು ‘ಸಾರ್, ಒಂದು ಸಹಿ ಬೇಕಿತ್ತು’ ಅನ್ನುವುದು ಭೂತಕಾಲವೇ ಅಲ್ಲ, ಮರ್ಯಾದೆ. ಅದಕ್ಕೆ ‘ಐ ನೀಡ್ ಯುವರ್ ಸಿಗ್ನೇಚರ್, ಪ್ಲೀಸ್’ ಸಾಕು. ಹಾಗೆಯೇ ‘ನಿನ್ನೆ ಊರಿಗೆ ಹೋಗಬೇಕಿತ್ತು, ಬಸ್ ಕ್ಯಾನ್ಸಲ್ ಆಯ್ತು’ ಎನ್ನುವಲ್ಲಿ ಪಶ್ಚಾತ್ತಾಪವಿಲ್ಲ, ಕೆಟ್ಟುಹೋದ ಯೋಜನೆ ಮಾತ್ರ ಇದೆ. ಅಲ್ಲಿ ‘ಐ ವಾಸ್ ಸಪೋಸ್ಡ್ ಟು ಗೋ’. ಈ ಸಂದರ್ಭದಲ್ಲಿ ‘ಶುಡ್ ಹ್ಯಾವ್’ ಹಾಕಿದರೆ ಹೋಗದೇ ಇದ್ದದ್ದು ನಿಮ್ಮದೇ ತಪ್ಪು ಎಂಬಂತೆ ಕೇಳಿಸುತ್ತದೆ.

ಕನ್ನಡಿಗರು ಅತಿ ಹೆಚ್ಚು ಎಡವುವ ಜಾಗ ನನ್ನ ಪ್ರಕಾರ ‘ಬರ್ತಿದ್ದೆ’. ಈ ಒಂದೇ ರೂಪ ಮೂರು ಕೆಲಸ ಮಾಡುತ್ತದೆ. ‘ನೀನು ಫೋನ್ ಮಾಡಿದಾಗ ನಾನು ಬರ್ತಿದ್ದೆ’ ಅಂದರೆ ‘ಐ ವಾಸ್ ಕಮಿಂಗ್’. ‘ಚಿಕ್ಕವನಿದ್ದಾಗ ದಿನಾ ಬರ್ತಿದ್ದೆ’ ಅಂದರೆ ‘ಐ ಯೂಸ್ಡ್ ಟು ಕಮ್’. ‘ಗೊತ್ತಿದ್ದಿದ್ರೆ ಬರ್ತಿದ್ದೆ’ ಅಂದರೆ ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್’. ಮೂರನೆಯದನ್ನು ಮೊದಲನೆಯದರ ಅಚ್ಚಿಗೆ ಸುರಿದು ‘ಇಫ್ ಐ ನ್ಯೂ, ಐ ವಾಸ್ ಕಮಿಂಗ್’ ಎನ್ನುವುದು ತೀರಾ ಸಾಮಾನ್ಯ ತಪ್ಪು. ವಾಕ್ಯದಲ್ಲಿ ‘-ಇದ್ದಿದ್ದರೆ’ ಬಂದಿದೆಯೇ ನೋಡಿ. ಬಂದಿದ್ದರೆ ಆ ಅರ್ಧಕ್ಕೆ ‘ಹ್ಯಾಡ್’, ಇನ್ನರ್ಧಕ್ಕೆ ‘ವುಡ್ ಹ್ಯಾವ್’. ‘ಇಫ್’ ಇರುವ ಅರ್ಧದೊಳಗೆ ‘ವುಡ್ ಹ್ಯಾವ್’ ಹಾಕುವುದು ಅಮೆರಿಕದ ಆಡುಮಾತಿನಲ್ಲಿ ಕೇಳಿಬರುತ್ತದೆ, ಪರೀಕ್ಷೆಯಲ್ಲಿ ಮತ್ತು ಔಪಚಾರಿಕ ಬರಹದಲ್ಲಿ ತಪ್ಪೆಂದೇ ಲೆಕ್ಕ. ಎರಡನೆಯ ಅರ್ಥಕ್ಕೆ ‘ಐ ವುಡ್ ಕಮ್ ಎವ್ರಿ ಡೇ’ ಕೂಡ ಹೊಂದುತ್ತದೆ, ಆದರೆ ಅದು ಮತ್ತೆ ಮತ್ತೆ ಮಾಡಿದ ಕೆಲಸಕ್ಕೆ ಮಾತ್ರ. ‘ಆಗ ಮೈಸೂರಿನಲ್ಲಿ ಇದ್ವಿ’ ಎಂಬ ಸ್ಥಿತಿಗೆ ‘ಯೂಸ್ಡ್ ಟು ಲಿವ್’ ಎನ್ನಬೇಕು, ‘ವುಡ್ ಲಿವ್’ ಸಲ್ಲದು.

‘ಕುಡ್’ ವಿಷಯ. ‘ನಿನ್ನೆ ಕೊನೆಗೂ ಟಿಕೆಟ್ ತಗೊಳ್ಳೋಕೆ ಆಯ್ತು’ ಎಂದು ಒಂದು ಸಲ ಸಾಧಿಸಿದ್ದನ್ನು ಹೇಳುವಾಗ ‘ಐ ಕುಡ್ ಗೆಟ್ ಎ ಟಿಕೆಟ್’ ಅನ್ನಬೇಡಿ. ಅದು ‘ತಗೊಳ್ಳಬಹುದು’ ಎಂದೂ ಕೇಳಿಸುವುದರಿಂದ ಸಿಕ್ಕಿತೋ ಇಲ್ಲವೋ ತಿಳಿಯುವುದಿಲ್ಲ. ‘ಐ ವಾಸ್ ಏಬಲ್ ಟು ಗೆಟ್’ ಅಥವಾ ‘ಐ ಮ್ಯಾನೇಜ್ಡ್ ಟು ಗೆಟ್’ ಸರಿ. ‘ಆಗಲಿಲ್ಲ’ ಎನ್ನಲು ಮಾತ್ರ ‘ಕುಡ್ ನಾಟ್’ ಎಲ್ಲ ಕಡೆಗೂ ಸಲ್ಲುತ್ತದೆ. ರಜೆ ಅರ್ಜಿಗಳಲ್ಲಿ ಕಾಣುವ ‘ಐ ಕುಡ್ ನಾಟ್ ಏಬಲ್ ಟು ಅಟೆಂಡ್’ ಎರಡು ವಾಕ್ಯಗಳನ್ನು ಬೆಸೆದ ತಪ್ಪು. ‘ಐ ಕುಡ್ ನಾಟ್ ಅಟೆಂಡ್’ ಅಥವಾ ‘ಐ ವಾಸ್ ನಾಟ್ ಏಬಲ್ ಟು ಅಟೆಂಡ್’, ಎರಡರಲ್ಲಿ ಒಂದು ಬರೆಯಿರಿ. ಇನ್ನೊಂದು ಸೂಕ್ಷ್ಮ: ‘ಕುಡ್ ಹ್ಯಾವ್’ಗೆ ಹೋಗಿರಬಹುದು, ಹೋಗಬಹುದಿತ್ತು ಎಂಬ ಎರಡೂ ಅರ್ಥ ಇದೆ. ಊಹೆ ಹೇಳುವುದಿದ್ದರೆ ‘ಮೈಟ್ ಹ್ಯಾವ್’ ಬಳಸಿದರೆ ಗೊಂದಲ ಕಡಿಮೆ.

‘ತರಬೇಕಾಗಿರಲಿಲ್ಲ’ ಎಂಬುದನ್ನೂ ಸ್ವಲ್ಪ ಬಿಡಿಸಬೇಕು. ಅತಿಥಿಗಳು ಹಣ್ಣು ತಂದುಬಿಟ್ಟಿದ್ದಾರೆ, ‘ಅಯ್ಯೋ, ತರಬೇಕಾಗಿರಲಿಲ್ಲ’ ಅಂದರೆ ‘ಯು ನೀಡಂಟ್ ಹ್ಯಾವ್ ಬ್ರಾಟ್ ದೀಸ್’. ‘ಡಿಡಂಟ್ ನೀಡ್ ಟು ಬ್ರಿಂಗ್’ ಅಂದರೆ ಅಗತ್ಯ ಇರಲಿಲ್ಲ ಎಂದಷ್ಟೇ, ತಂದರೋ ಬಿಟ್ಟರೋ ಅದರಿಂದ ತಿಳಿಯುವುದಿಲ್ಲ. ಇಲ್ಲಿ ‘ಶುಡಂಟ್ ಹ್ಯಾವ್’ ಎನ್ನುವುದನ್ನು ಇಂಗ್ಲಿಷಿನವರು ಉಪಚಾರದ ಮಾತಾಗಿ ಹೇಳುವುದುಂಟು, ಆದರೆ ಬರಹದಲ್ಲಿ ಅದರ ನೇರ ಅರ್ಥ ‘ತರಬಾರದಿತ್ತು’.

ಬರೆಯುವಾಗ ಆಗುವ ತಪ್ಪುಗಳು ಹೆಚ್ಚಾಗಿ ಅಚ್ಚಿನವು. ಮೋಡಲ್ ಆದಮೇಲೆ ಬರುವುದು ಯಾವತ್ತೂ ಮೂಲರೂಪ, ಆದ್ದರಿಂದ ಕರ್ತೃ ‘ಹಿ’ ಆಗಲಿ ‘ಶಿ’ ಆಗಲಿ ‘ಹ್ಯಾವ್’ ಬದಲಾಗದು: ‘ಶಿ ಮಸ್ಟ್ ಹ್ಯಾಸ್’, ‘ಹಿ ಶುಡ್ ಹ್ಯಾಡ್’ ಎರಡೂ ತಪ್ಪು. ‘ಶುಡ್ ಹ್ಯಾವ್ ವೆಂಟ್’ ಕೂಡ ತಪ್ಪು, ಎರಡನೇ ರೂಪಕ್ಕೆ ಅಲ್ಲಿ ಜಾಗವಿಲ್ಲ. ‘ನಾಟ್’ ಬರುವುದು ಮೋಡಲ್ ಮತ್ತು ‘ಹ್ಯಾವ್’ ನಡುವೆ. ಮಾತಿನಲ್ಲಿ ‘ಹ್ಯಾವ್’ ಸವೆದು ‘ಶುಡವ್’, ‘ಮಸ್ಟವ್’ ಎಂದಷ್ಟೇ ಕೇಳಿಸುತ್ತದೆ. ಹಾಗೆ ಕೇಳಿಸುವುದರಿಂದಲೇ ಇಂಗ್ಲಿಷ್ ಮನೆಮಾತಿನವರೂ ಎಷ್ಟೋ ಸಲ ‘ಶುಡ್ ಆಫ್’ ಎಂದು ಬರೆದುಬಿಡುತ್ತಾರೆ, ಅದನ್ನು ನೋಡಿ ಕಲಿಯಬೇಡಿ.

ಈಗ ನಿಮ್ಮ ಮೇಲ್ ಹೀಗೆ ತಿದ್ದಿ: ‘ಐ ಹ್ಯಾಡ್ ಟು ಲೀವ್ ಅರ್ಲಿ ಯೆಸ್ಟರ್‌ಡೇ. ಐ ಶುಡ್ ಹ್ಯಾವ್ ಇನ್ಫಾರ್ಮ್ಡ್ ಯು ಬಿಫೋರ್ ಲೀವಿಂಗ್.’ ಮೊದಲ ವಾಕ್ಯ ನಡೆದದ್ದನ್ನು ಹೇಳುತ್ತದೆ, ಎರಡನೆಯದು ನಡೆಯದೆ ಉಳಿದದ್ದನ್ನು. ತಿಳಿಸದೆ ಹೊರಟಿದ್ದರೆ ಮಾತ್ರ ಎರಡನೆಯದು ಇರಲಿ.