ನಲವತ್ತನೇ ಹೆಸರಿಗೆ ನಿಲ್ಲುತ್ತಿದ್ದ ಪೂಜೆ

ಮನಸ್ಸಿನ ತೊಂದರೆಗೆ ಸಲಹೆ ಕೇಳಿ ನನ್ನ ಬಳಿ ಬಂದ ಒಬ್ಬರ ಗುರುತು ಸಿಗಬಾರದೆಂದು ಅವರ ಊರು, ವಯಸ್ಸು, ಕೆಲಸ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಪೂಜೆಗೆ ಕೂತರೆ ದೇವರ ಮೇಲೆಯೇ ಹೊಲಸು ಬೈಗುಳ ಮನಸ್ಸಿಗೆ ನುಗ್ಗುತ್ತದೆ ಎಂದು ಅಳುತ್ತ ಬರುವವರು ಮತ್ತೆ ಮತ್ತೆ ಸಿಗುತ್ತಾರೆ. ಇವರು ಅಂಥವರಲ್ಲೊಬ್ಬರು. ಅಷ್ಟೋತ್ತರದ 108 ಹೆಸರಲ್ಲಿ ನಲವತ್ತನೆಯದಕ್ಕೋ ಐವತ್ತನೆಯದಕ್ಕೋ ಬೈಗುಳ ಬಂತೆಂದರೆ ಮತ್ತೆ ಸಂಕಲ್ಪದಿಂದ ಶುರು. ಅರ್ಧ ಗಂಟೆಯ ಪೂಜೆ ಮೂರು ಗಂಟೆಗೆ ಹೋಗಿತ್ತು. ಮನೆಯವರು ಶಾಂತಿ ಮಾಡಿಸಿದ್ದರು. ಗೆಳೆಯರೊಬ್ಬರು, ದೇವರೇ ಇಲ್ಲದ ಮೇಲೆ ಪಾಪ ಎಲ್ಲಿಂದ ಬಂತು ಎಂದು ವಾದಿಸಿದ್ದರು. ಎರಡೂ ನಾಟಿರಲಿಲ್ಲ.

ಇದು ಗೀಳು ಕಾಯಿಲೆ, ಆಸ್ಪತ್ರೆಯ ಮಾತಿನಲ್ಲಿ ಓಸಿಡಿ. ಇಂಥ ಯೋಚನೆಗಳು ಕಾಯಿಲೆ ಇಲ್ಲದವರಲ್ಲೂ ಬಹುಪಾಲು ಜನರಿಗೆ ಬರುತ್ತವೆಂದು 1978ರಲ್ಲೇ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದರು. ಉಳಿದವರಿಗೆ ಬಂದು ಹೋಗುತ್ತದೆ. ಗೀಳಿರುವವರು ಅದನ್ನು ಹಿಡಿದು ವಿಚಾರಣೆಗೆ ನಿಲ್ಲಿಸುತ್ತಾರೆ.

ನಾಲ್ಕನೇ ಭೇಟಿಯಲ್ಲಿ ಅವರು ಕೇಳಿದರು: "ನಿಜವಾದ ಭಕ್ತನಿಗೆ ಇಂಥ ಮಾತು ಮನಸ್ಸಿಗಾದರೂ ಬರುತ್ತದಾ ಮೇಡಂ?"

ಪೂಜೆಯ ಕೊನೆಗೆ ಏನು ಹೇಳುತ್ತೀರಿ ಎಂದೆ. ಥಟ್ಟನೆ ಹೇಳಿದರು: "ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ ಜನಾರ್ದನ..."

"ಮೂರನೆಯದರ ಅರ್ಥ?"

"ಭಕ್ತಿ ಇಲ್ಲದೆ..." ಅಷ್ಟಕ್ಕೇ ನಿಂತರು. ಸುಮಾರು ಹೊತ್ತಾದ ಮೇಲೆ, "ಇದನ್ನ ದಿನಾ ಹೇಳ್ತೀನಲ್ಲ" ಎಂದರು.

ಮಂತ್ರ ತಪ್ಪಬಹುದು, ಕ್ರಿಯೆ ತಪ್ಪಬಹುದು, ಭಕ್ತಿಯೇ ಇಲ್ಲದಿರಬಹುದು, ಆದರೂ ಮಾಡಿದ ಪೂಜೆ ಪೂರ್ಣವಾಗಲಿ ಎಂದು ಬೇಡುವ ಶ್ಲೋಕ ಅದು. ಕಲ್ಮಶವಿಲ್ಲದ ಮನಸ್ಸು ಬೇಕೆನ್ನುವುದು ಅವರ ಸಂಪ್ರದಾಯವಲ್ಲ, ಅವರ ಕಾಯಿಲೆ.

ಕೆಲವು ದಿನ ಪೂಜೆ ಬಿಡಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬಿಡಿಸಿದರೆ ಭಯ ದೇವರ ಕೋಣೆಯಿಂದ ದೇವಸ್ಥಾನದ ಬೀದಿಗೆ, ಅಲ್ಲಿಂದ ಕ್ಯಾಲೆಂಡರಿನ ಚಿತ್ರಕ್ಕೂ ಹಬ್ಬುತ್ತದೆ. ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಗೂ ನಾನು ಇಳಿಯಲಿಲ್ಲ. ನಂಬಿಕೆ ವಿವೇಕಕ್ಕೆ ವಿರುದ್ಧ ಎಂದು ನನಗನಿಸುವುದಿಲ್ಲ. ನಾವೆಲ್ಲ ಪೂರ್ತಿ ಖಾತ್ರಿ ಇಲ್ಲದೆಯೇ ಮದುವೆಯಾಗುತ್ತೇವೆ, ಮಕ್ಕಳನ್ನು ಸಾಕುತ್ತೇವೆ. ನೂರಕ್ಕೆ ನೂರು ಖಾತ್ರಿ ಈ ಕ್ಷಣವೇ ಬೇಕು ಎನ್ನುವ ಹಟವಿದೆಯಲ್ಲ, ವಿವೇಕಕ್ಕೆ ವಿರುದ್ಧವಾದದ್ದು ಅದು.

ಕೊಟ್ಟ ಸಲಹೆ ಹೀಗಿತ್ತು. ಮೊದಲ ವಾರ ಏನೂ ಬದಲಿಸದೆ, ಪೂಜೆಗೆ ಹಿಡಿದ ನಿಮಿಷ, ಎಷ್ಟು ಸಲ ಹಿಂದಕ್ಕೆ ಹೋದದ್ದು, ಸಂಕಟಕ್ಕೆ 0ರಿಂದ 100ರೊಳಗೆ ಒಂದು ಅಂಕ ಬರೆದಿಡುವುದು. ಆಮೇಲೆ ಕಡಿಮೆ ಅಂಕದ್ದರಿಂದ ಮೇಲಕ್ಕೆ: ಮೊದಲು ಹನ್ನೆರಡೇ ಹೆಸರು, ಏನೇ ಬಂದರೂ ಹಿಂದೆ ಹೋಗದೆ. ಮುಂದೆ 28, ಆಮೇಲೆ 108. ಬೈಗುಳ ಬಂದಾಗ ಕೆನ್ನೆ ಬಡಿದುಕೊಳ್ಳುವಂತಿಲ್ಲ, ಅದನ್ನು ಅಳಿಸಲು ಒಳ್ಳೆಯ ಹೆಸರು ಹೇಳಿಕೊಳ್ಳುವಂತಿಲ್ಲ. ಅದು ಇದ್ದಂತೆಯೇ ಮುಂದಿನ ಹೂವು ಏರಿಸಬೇಕು. ದೇವರನ್ನು ಬಾಯಾರೆ ಬೈಯಿರಿ ಎಂದು ಹೇಳಲಿಲ್ಲ, ಯಾರೂ ಹೇಳಲೂಬಾರದು. ಎದುರಿಸಬೇಕಾದದ್ದು 'ತಪ್ಪಾಗಿದ್ದರೆ?' ಎಂಬ ಅನುಮಾನವನ್ನು. ಪುರೋಹಿತರನ್ನು ಒಂದೇ ಸಲ, ಒಂದೇ ಪ್ರಶ್ನೆ ಕೇಳಬಹುದು. "ಪಾಪ ಬಂತೇನಮ್ಮಾ?" ಎಂದು ಇವರು ತಾಯಿಯನ್ನು ಕೇಳಿದರೆ ತಾಯಿ, "ಅದಕ್ಕೆ ಉತ್ತರ ಕೊಡಬಾರದು ಅಂದಿದ್ದಾರೆ ಕಣಪ್ಪಾ" ಎಂದಷ್ಟೇ ಹೇಳಬೇಕು. ಸಮಾಧಾನ ಹೇಳಿದರೆ ಹತ್ತು ನಿಮಿಷ ನೆಮ್ಮದಿ, ಹನ್ನೊಂದನೆಯದಕ್ಕೆ ಮತ್ತೆ ಅದೇ ಪ್ರಶ್ನೆ.

ಆರನೇ ವಾರ ಎಡವಿತು. ಆ ಶ್ಲೋಕವನ್ನೇ ಇಪ್ಪತ್ತೊಂದು ಸಲ ಹೇಳತೊಡಗಿದ್ದರು. ಇಂಥವರಿಗೆ ಯಾವ ಒಳ್ಳೆಯ ಮಾತೂ ಹೊಸ ಗೀಳಾಗಬಹುದು, ಸಲಹೆಗಾರರು ಇದನ್ನು ಮೊದಲೇ ಎಣಿಸಿರಬೇಕು. ಒಂದೇ ಸಲ, ಮಾಮೂಲಿ ದನಿಯಲ್ಲಿ, ಹೇಳಿದ್ದು ಸರಿಯಾಯಿತೋ ಇಲ್ಲವೋ ನೋಡದೆ ಏಳಬೇಕು ಎಂದು ತಿದ್ದಿದೆ. ಮನೋವೈದ್ಯರ ಮಾತ್ರೆಯೂ ಜೊತೆಗಿತ್ತು. ಗೀಳಿಗೆ ಮಾತ್ರೆ ಹಿಡಿಯಲು 8ರಿಂದ 12 ವಾರ ಬೇಕು, ಎರಡೇ ವಾರಕ್ಕೆ ಬಿಡುವವರು ಬಹಳ.

ಹದಿನಾಲ್ಕನೇ ವಾರಕ್ಕೆ ಪೂಜೆ ನಲವತ್ತು ನಿಮಿಷಕ್ಕೆ ಇಳಿದಿತ್ತು. ಬೈಗುಳ ಈಗಲೂ ಬರುತ್ತದೆ ಎಂದರು. ಬಂದ ದಿನವೂ ಮಂಗಳಾರತಿ ಮಾಡಿ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.