ಓವರ್‌ವೋಲ್ಟೇಜ್‌ನಿಂದ ಡಿಫರೆನ್ಷಿಯಲ್ ರಿಲೇ ಟ್ರಿಪ್ ಆಗುತ್ತಾ?
ಆಗುತ್ತದೆ ಸರ್. ಟ್ರಾನ್ಸ್‌ಫಾರ್ಮರ್‌ಗೆ ಒಳಹೋಗುವ, ಹೊರಬರುವ ಕರೆಂಟ್‌ಗಳನ್ನು ಹೋಲಿಸಿ, ವ್ಯತ್ಯಾಸ ಕಂಡರೆ ಟ್ರಿಪ್ ಮಾಡುವ ರಿಲೇ ಇದು. ದೀಪಾವಳಿ ರಜೆಯ ರಾತ್ರಿ ಲೋಡ್ ತೀರಾ ಕಮ್ಮಿ ಇದ್ದಾಗ ನಿಮ್ಮ 220/66 ಕೆವಿ ಟ್ರಾನ್ಸ್‌ಫಾರ್ಮರ್ ಡಿಫರೆನ್ಷಿಯಲ್‌ನಲ್ಲಿ ಟ್ರಿಪ್ ಆಯಿತು, ಬುಕ್‌ಹೋಲ್ಜ್ (ಎಣ್ಣೆಯಲ್ಲಿ ಗ್ಯಾಸ್ ಎದ್ದರೆ ತಿಳಿಸುವ ರಿಲೇ), ಎಣ್ಣೆ ಟೆಸ್ಟ್ ಎಲ್ಲ ಸರಿ ಇದೆ ಅಂದಿದ್ದೀರಿ. ಬೆಂಗಳೂರಿನ ಸುತ್ತ ಫ್ಯಾಕ್ಟರಿಗಳು ಮುಚ್ಚಿದಾಗ ವೋಲ್ಟೇಜ್ ಏರುವುದು ಸಹಜ, ನನಗೆ ಮೊದಲ ಅನುಮಾನ ಅದರ ಮೇಲೇ.

ಕೋರ್‌ನ ಫ್ಲಕ್ಸ್ (ಕಾಂತೀಯ ಹರಿವು) ವೋಲ್ಟೇಜನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದಷ್ಟಕ್ಕೆ ತಕ್ಕಂತೆ ಇರುತ್ತದೆ. ವೋಲ್ಟೇಜ್ ಜಾಸ್ತಿಯಾದರೆ ಕೋರ್ ಸ್ಯಾಚುರೇಟ್ ಆಗಿ (ಅಂದರೆ ಇನ್ನಷ್ಟು ಫ್ಲಕ್ಸ್ ಹಿಡಿಯಲಾಗದೆ), ಕೋರ್‌ಗೆ ಕಾಂತತ್ವ ಕೊಡುವ ಮ್ಯಾಗ್ನೆಟೈಸಿಂಗ್ ಕರೆಂಟ್ ಒಮ್ಮೆಲೇ ಏರುತ್ತದೆ, ಅದು ಒಂದೇ ಕಡೆಯ ಸಿಟಿಯಲ್ಲಿ (ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ) ಹರಿಯುವುದರಿಂದ ರಿಲೇಗೆ ಒಳಗಿನ ಫಾಲ್ಟ್ ಥರಾನೇ ಕಾಣುತ್ತದೆ. ಇನ್‌ರಶ್‌ಗೆ (ಟ್ರಾನ್ಸ್‌ಫಾರ್ಮರ್ ಆನ್ ಮಾಡಿದಾಗ ನುಗ್ಗುವ ಕರೆಂಟ್‌ಗೆ) ಹಾಕಿದ ಎರಡನೇ ಹಾರ್ಮೋನಿಕ್ ಬ್ಲಾಕ್, ಅಂದರೆ ಮೂಲ ಫ್ರೀಕ್ವೆನ್ಸಿಯ ಎರಡು ಪಟ್ಟಿನ ಕರೆಂಟ್ ಕಂಡರೆ ಟ್ರಿಪ್ ತಡೆಯುವ ವ್ಯವಸ್ಥೆ, ಇಲ್ಲಿ ಕೆಲಸಕ್ಕೆ ಬರಲ್ಲ, ಏಕೆಂದರೆ ಈ ಕರೆಂಟ್‌ನಲ್ಲಿ ಇರುವುದು ಮುಖ್ಯವಾಗಿ ಮೂರನೇ ಮತ್ತು ಐದನೇ ಹಾರ್ಮೋನಿಕ್. ಮೂರನೆಯದು ಡೆಲ್ಟಾ ವೈಂಡಿಂಗ್‌ನಲ್ಲೇ ಸುತ್ತುತ್ತದೆ, ರಿಲೇಗೆ ಕಾಣದೇ ಇರಬಹುದು. ಹಾಗಾಗಿ ಐದನೆಯದನ್ನು ನೋಡಬೇಕು.

ಮೊದಲು ಟ್ರಿಪ್ ಆದ ಹೊತ್ತಿನ ಡಿಸ್ಟರ್ಬೆನ್ಸ್ ರೆಕಾರ್ಡ್ (ಕರೆಂಟ್, ವೋಲ್ಟೇಜ್ ದಾಖಲೆ) ತೆಗೆಯಿರಿ. ಮೂರೂ ಫೇಸ್ ವೋಲ್ಟೇಜ್ ಏರಿದ್ದು, ಡಿಫರೆನ್ಷಿಯಲ್ ಕರೆಂಟ್‌ನಲ್ಲಿ ಐದನೇ ಹಾರ್ಮೋನಿಕ್ ಎದ್ದು ಕಾಣುತ್ತಿದ್ದರೆ ಐದನೇ ಹಾರ್ಮೋನಿಕ್ ಬ್ಲಾಕ್ ಆನ್ ಇದೆಯಾ ನೋಡಿ. ಸಾಮಾನ್ಯವಾಗಿ ಮೂಲ ಫ್ರೀಕ್ವೆನ್ಸಿಯ ಕರೆಂಟ್‌ನ 35% ಸುತ್ತಮುತ್ತ ಇಡುತ್ತಾರೆ. ಪಿಕಪ್ (ರಿಲೇ ಕೆಲಸ ಶುರು ಮಾಡುವ ಕರೆಂಟ್ ಮಟ್ಟ) ಮಾತ್ರ ಸುಮ್ನೆ ಏರಿಸಬೇಡಿ, ಟರ್ನ್‌ಗಳ ನಡುವಿನ ಸಣ್ಣ ಫಾಲ್ಟ್ ಗೊತ್ತಾಗದೇ ಹೋಗುತ್ತದೆ!

ಇನ್ನೊಂದು ಮಾತು, ಬ್ಲಾಕ್ ಹಾಕಿದ ಮೇಲೂ ಕೋರ್ ಬಿಸಿಯಾಗುತ್ತಲೇ ಇರುತ್ತದೆ ಅಲ್ವಾ? ಅದಕ್ಕೆ ಪ್ರತ್ಯೇಕ ಓವರ್‌ಫ್ಲಕ್ಸಿಂಗ್ ರಿಲೇ, ಅಂದರೆ ANSI ರಿಲೇ ಪಟ್ಟಿಯ 24 ನಂಬರಿನದು, ಬೇಕೇ ಬೇಕು. ಅದರ ಅಲಾರ್ಮ್ ಮತ್ತು ಟ್ರಿಪ್ ಸಮಯವನ್ನು ಟ್ರಾನ್ಸ್‌ಫಾರ್ಮರ್ ತಯಾರಕರು ಕೊಟ್ಟ ಕರ್ವ್ ನೋಡಿಯೇ ಸೆಟ್ ಮಾಡಿ.