ಸಂಪಾದಕರ ಉತ್ತರ: ಜೀಪಿನ ಜಾಕ್ ಮತ್ತು ಹಾರುವ ಕಾರು

ಭಾಗಮಂಡಲದ ಕಡೆಯ ಓದುಗರೊಬ್ಬರು ಬರೆದಿದ್ದಾರೆ:

‘ಮಳೆ ರಜೆಯಲ್ಲಿ ಏಳು ವರ್ಷದ ಮೊಮ್ಮಗನಿಗೆ “ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್” ಎಂಬ ಹಳೆಯ ಇಂಗ್ಲಿಷ್ ಚಿತ್ರ ತೋರಿಸಿದೆ. ಅದರಲ್ಲಿನ ಅಪ್ಪ ಏನೇನೋ ಯಂತ್ರ ಮಾಡುತ್ತಾನೆ, ಒಂದೊಂದೂ ಕೈಕೊಡುತ್ತದೆ. ಮಗು ಬಿದ್ದು ಬಿದ್ದು ನಗುತ್ತಿತ್ತು. ನನಗೆ ನಗು ಬರಲಿಲ್ಲ. ನನ್ನ ಅಪ್ಪನೂ ಅಂಥವರೇ. ಅಮ್ಮನ ಭುಜದ ನೋವು ನೋಡಲಾರದೆ ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಮಣೆಗೆ ಹಳೆಯ ಜೀಪಿನ ಜಾಕ್ ಜೋಡಿಸಿದ್ದರು. ಮೊದಲ ಸಲ ಒತ್ತಿದಾಗಲೇ ತಳದ ತಗಡು ಬಾಗಿ ಹಿಟ್ಟು ಪಕ್ಕದಿಂದ ಹೊರಬಂತು. ಗದ್ದೆಗೆ ಇಳಿಯುವ ಹಂದಿಗಳನ್ನು ಓಡಿಸಲು, ತೋಡಿನ ನೀರು ತುಂಬಿದಾಗಲೆಲ್ಲ ಬಾಗಿ ತಗಡಿಗೆ ಬಡಿಯುವ ಬಿದಿರು ಕಟ್ಟಿದ್ದರು. ವಾರದೊಳಗೆ ಹಂದಿಗಳು ಆ ಸದ್ದಿಗೆ ಒಗ್ಗಿಕೊಂಡವು. ಮದುವೆ ಮನೆಗಳಲ್ಲಿ ನೆಂಟರಿಗೆ ಇದೇ ಮಾತು, ಇದೇ ನಗು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಸಂತೆಯಲ್ಲಿ ಕ್ಷೌರದ ಯಂತ್ರ ಗಿರಾಕಿಯ ತಲೆಗೂದಲು ಸುಟ್ಟ ಕಡೆ ಚಿತ್ರ ನಿಲ್ಲಿಸಿಬಿಟ್ಟೆ. ಇಂಥವರನ್ನು ನಗೆಪಾಟಲು ಮಾಡುವ ಚಿತ್ರವನ್ನು ಮಕ್ಕಳಿಗೆ ತೋರಿಸಬಹುದೇ?’

ಆತ್ಮೀಯ ಓದುಗರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಒಮ್ಮೆ, ಮನೆಗೆ ಒಯ್ದು ಇನ್ನೊಮ್ಮೆ ಓದಿದೆ. ತೋರಿಸಬಹುದು ಎಂಬುದೇ ನನ್ನ ಉತ್ತರ. ಆದರೆ ಮೊಮ್ಮಗನ ಪಕ್ಕದಲ್ಲಿ ಕುಳಿತು, ನಿಲ್ಲಿಸಿದ ಕಡೆಯಿಂದಲ್ಲ, ಮೊದಲಿನಿಂದ ನೋಡಿ. ಈ ಸಲ ಒಂದನ್ನು ಮಾತ್ರ ಗಮನಿಸಿ: ಆ ಚಿತ್ರದಲ್ಲಿ ಅಪ್ಪನನ್ನು ನೋಡಿ ನಗುವವರು ಯಾರು, ನಗದವರು ಯಾರು?

ಆ ಅಪ್ಪ, ಅಂದರೆ ಕ್ಯಾರಕ್ಟಕಸ್ ಪಾಟ್ಸ್‌ನ ಇಬ್ಬರು ಮಕ್ಕಳು, ಜೆರೆಮಿ ಮತ್ತು ಜೆಮೈಮಾ, ಒಮ್ಮೆಯೂ ಅವನನ್ನು ಹಂಗಿಸುವುದಿಲ್ಲ. ಬೆಳಗಿನ ತಿಂಡಿ ಮಾಡುವ ಯಂತ್ರದ ದೃಶ್ಯ ನೆನಪಿಸಿಕೊಳ್ಳಿ. ಚಕ್ರ ತಿರುಗಿ, ಮೊಟ್ಟೆ ಉರುಳಿ, ಸಾಸೇಜ್ ಜಾರಿ ತಟ್ಟೆಗೆ ಬೀಳುತ್ತವೆ. ಮಕ್ಕಳಿಗೆ ಅದು ತಮಾಷೆಯ ವಸ್ತುವಲ್ಲ, ಅವರ ಮನೆಯ ಅಡುಗೆ. ಅಪ್ಪ ಅವರಿಗಾಗಿ ಹಾಡುವುದೂ ಆ ತಿಂಡಿಯ ಹೊತ್ತಿನಲ್ಲೇ. ಈ ಚಿತ್ರಕ್ಕೆ ಮೂಲವಾದ ಪುಸ್ತಕವನ್ನು ಬರೆದವರು ಜೇಮ್ಸ್ ಬಾಂಡ್‌ನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್. ಮಗನಿಗಾಗಿ ಬರೆದ ಕತೆ ಅದು, 1964ರಲ್ಲಿ ಅವರು ತೀರಿಕೊಂಡ ಮೇಲೆ ಅಚ್ಚಾಯಿತು. ಪುಸ್ತಕದಲ್ಲಿ ಮಕ್ಕಳಿಗೆ ತಾಯಿ ಇದ್ದಾಳೆ. 1968ರ ಚಿತ್ರಕ್ಕೆ ಚಿತ್ರಕತೆ ಬರೆದ ರೋಲ್ಡ್ ಡಾಲ್ ಮತ್ತು ನಿರ್ದೇಶಕ ಕೆನ್ ಹ್ಯೂಸ್ ತಾಯಿಯನ್ನು ಕತೆಯಿಂದ ತೆಗೆದರು. ಆ ಒಂದು ಬದಲಾವಣೆಯಿಂದ ತಿಂಡಿಯ ಯಂತ್ರದ ಅರ್ಥವೇ ಬೇರೆಯಾಯಿತು. ಹೆಂಡತಿಯನ್ನು ಕಳೆದುಕೊಂಡ ಗಂಡಸು ಎರಡು ಮಕ್ಕಳಿಗೆ ಬೆಳಗ್ಗೆ ಏನಾದರೂ ಬೇಯಿಸಿ ಹಾಕಬೇಕು, ಅವನಿಗೆ ಬರುವ ವಿದ್ಯೆ ಇದೊಂದೇ. ನಿಮ್ಮ ತಂದೆಯವರು ಮಣೆಗೆ ಜಾಕ್ ಕಟ್ಟಿದ್ದೂ ನಿಮ್ಮ ತಾಯಿಯವರ ಭುಜಕ್ಕಾಗಿ ಅಲ್ಲವೇ?

ನೀವು ಚಿತ್ರ ನಿಲ್ಲಿಸಿದ ಜಾಗದ ಬಗ್ಗೆ ನನಗೆ ಬಹಳ ಬೇಸರವಾಯಿತು. ಇನ್ನೆರಡು ನಿಮಿಷ ಕಾದಿದ್ದರೆ ಬಿದಿರು ಕೋಲಿನ ಕುಣಿತ ಬರುತ್ತಿತ್ತು. ಕೂದಲು ಸುಟ್ಟ ಗಿರಾಕಿ ಅಟ್ಟಿಸಿಕೊಂಡು ಬಂದಾಗ ಪಾಟ್ಸ್ ಕುಣಿಯುವವರ ಗುಂಪಿನೊಳಗೆ ನುಗ್ಗುತ್ತಾನೆ. ಹೆಜ್ಜೆ ಗೊತ್ತಿಲ್ಲ, ಕೋಲು ಹಿಡಿದು ಗೊತ್ತಿಲ್ಲ, ಆದರೂ ಎಲ್ಲರಿಗಿಂತ ಚೆನ್ನಾಗಿ ಕುಣಿದುಬಿಡುತ್ತಾನೆ. ಆ ಪಾತ್ರ ಮಾಡಿದ ಡಿಕ್ ವ್ಯಾನ್ ಡೈಕ್ ಅವರ ಕಾಲುಗಳನ್ನು ನೋಡಲೆಂದೇ ನಾನು ಆ ಭಾಗವನ್ನು ಎಷ್ಟೋ ಸಲ ಹಾಕಿಕೊಂಡಿದ್ದೇನೆ. ನಮ್ಮ ಊರುಗಳಲ್ಲಿ ಕೋಲಾಟ ಕಂಡವರಿಗೆ ಆ ತಾಳ ತಟ್ಟನೆ ಹಿಡಿಸುತ್ತದೆ. ಅಲ್ಲಿ ಸಿಕ್ಕ ಕಾಸಿನಿಂದಲೇ ಅವನು ಗುಜರಿಯವನ ಪಾಲಾಗಲಿದ್ದ ಹಳೆಯ ರೇಸ್ ಕಾರನ್ನು 30 ಶಿಲ್ಲಿಂಗ್‌ಗೆ ಕೊಳ್ಳುವುದು. ಯಂತ್ರ ಸೋತ ದಿನವೇ ಮಕ್ಕಳು ಆಸೆಪಟ್ಟ ಕಾರು ಅವನ ಕೈಗೆ ಬರುತ್ತದೆ. ಮೊಮ್ಮಗನಿಗೆ ಇದನ್ನು ತಪ್ಪಿಸಬೇಡಿ.

ಇನ್ನು ಆ ಯಂತ್ರಗಳ ವಿಷಯ. ಅವು ಚಿತ್ರಕ್ಕಾಗಿ ತಗಡಿಗೆ ಬಣ್ಣ ಬಳಿದು ನಿಲ್ಲಿಸಿದ ಬೊಂಬೆಗಳಲ್ಲ. ರೋಲಂಡ್ ಎಮೆಟ್ ಎಂಬ ವ್ಯಂಗ್ಯಚಿತ್ರಕಾರರು ನಿಜವಾಗಿ ಕಟ್ಟಿದವು. ಅವರು ‘ಪಂಚ್’ ಪತ್ರಿಕೆಯಲ್ಲಿ ವಕ್ರವಕ್ರ ಚಿಮಣಿಯ ಪುಟ್ಟ ರೈಲುಗಳನ್ನು ಬರೆಯುತ್ತಿದ್ದರು. ಜನ ಆ ರೈಲುಗಳನ್ನು ಎಷ್ಟು ಹಚ್ಚಿಕೊಂಡರೆಂದರೆ 1951ರ ಬ್ರಿಟನ್ ಉತ್ಸವದಲ್ಲಿ ಅದೇ ಮಾದರಿಯ ರೈಲನ್ನು ಹಳಿಯ ಮೇಲೆ ಓಡಿಸಿ ಜನರನ್ನು ಕೂರಿಸಿಕೊಂಡು ಹೋದರು. ನಗುವಿಗೆಂದು ಬರೆದ ಗೆರೆ ಮನುಷ್ಯರ ಭಾರ ಹೊತ್ತಿತು. ಕಾರಿನ ಹೆಸರೂ ಕಟ್ಟುಕತೆಯಲ್ಲ. ಕೌಂಟ್ ಲೂಯಿ ಜ್ಬೊರೊವ್ಸ್ಕಿ ಎಂಬ ಶ್ರೀಮಂತ ತರುಣ ಮರ್ಸಿಡೀಸ್ ಚಾಸಿಗೆ 23 ಲೀಟರಿನ ಮೇಬ್ಯಾಕ್ ವಿಮಾನ ಎಂಜಿನ್ ಕೂರಿಸಿ, ಚಿಟ್ಟಿ ಬ್ಯಾಂಗ್ ಬ್ಯಾಂಗ್ ಎಂದು ಹೆಸರಿಟ್ಟು, 1921ರಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟದಲ್ಲಿ ಗೆದ್ದ. ಮೂರು ವರ್ಷದ ಬಳಿಕ ಮೊಂಜಾದಲ್ಲಿ ರೇಸಿನಲ್ಲೇ ಪ್ರಾಣ ಕಳೆದುಕೊಂಡ.

ಒಂದು ಗಾಡಿಯ ಚಾಸಿಗೆ ಇನ್ನೊಂದರ ಎಂಜಿನ್ ಎಂದರೆ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂಲ ಎಂಜಿನ್ ಯಾವುದೆಂದು ಮರೆತೇಹೋದ ಜೀಪುಗಳು ನಮ್ಮ ತೋಟಗಳ ಶೆಡ್ಡುಗಳಲ್ಲಿವೆ, ಇಂದಿಗೂ ಏರು ಹತ್ತುತ್ತವೆ. ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕದಿದ್ದರೆ ರಾಶಿಯಲ್ಲೇ ಹುಳಿಯುತ್ತದೆ. ಕರೆಂಟ್ ಇಲ್ಲದ ಸಂಜೆ ಸಿಕ್ಕ ಡೀಸೆಲ್ ಎಂಜಿನ್ನಿಗೆ ಬೆಲ್ಟ್ ಹಾಕಿ ಪಲ್ಪರ್ ತಿರುಗಿಸಿದವರನ್ನು ಯಾರೂ ವಿಜ್ಞಾನಿ ಎಂದು ಕರೆಯಲಿಲ್ಲ. ಕೆಲಸವಾದರೆ ಜಾಣ, ಆಗದಿದ್ದರೆ ಹುಚ್ಚ. ಮಾಡಿದ ಕೈ ಮಾತ್ರ ಒಂದೇ. ನೆಂಟರ ನಗುವಿನಲ್ಲಿ ನನಗೆ ನೋವಾಗುವುದು ಇದಕ್ಕೇ.

ಹಾಗಾಗಿ ನಿಮ್ಮ ತಂದೆಯವರ ಎರಡು ಕೆಲಸಗಳನ್ನೂ ಕೆಲಸವೆಂದೇ ನೋಡೋಣ. ನೀರು ತುಂಬಿ ಬಾಗಿ ಬಡಿಯುವ ಬಿದಿರನ್ನು ಜಪಾನಿನ ರೈತರು ಹಂದಿ, ಜಿಂಕೆಗಳನ್ನು ಬೆದರಿಸಲು ಬಹಳ ಹಿಂದಿನಿಂದ ಕಟ್ಟುತ್ತಾ ಬಂದಿದ್ದಾರೆ. ಅದರ ಹೆಸರು ‘ಶಿಶಿ ಓದೋಶಿ’. ಕ್ಯೋಟೋದ ಶಿಸೆಂದೋ ತೋಟದಲ್ಲಿ ಇಂದು ಅದರ ಸದ್ದು ಕೇಳಲೆಂದೇ ಜನ ಸುಮ್ಮನೆ ಕುಳಿತಿರುತ್ತಾರೆ. ಆ ಹೆಸರನ್ನೇ ಕೇಳದ ಒಬ್ಬರು ತಲಕಾವೇರಿಯ ಬೆಟ್ಟದಡಿಯ ಗದ್ದೆಯಲ್ಲಿ, ಕತ್ತಿಯೊಂದನ್ನೇ ಹಿಡಿದು, ಅದೇ ಉಪಾಯಕ್ಕೆ ತಲುಪಿದರು. ಹಂದಿ ಒಗ್ಗಿಕೊಂಡಿದ್ದು ಹಂದಿಯ ಬುದ್ಧಿವಂತಿಕೆ, ಬಿದಿರಿನ ತಪ್ಪಲ್ಲ.

ಜಾಕ್‌ನ ವಿಚಾರದಲ್ಲಂತೂ ಅವರ ಲೆಕ್ಕ ಪೂರ್ತಿ ಸರಿ. ವರ್ಕ್‌ಶಾಪ್‌ಗಳಲ್ಲಿ ಬೇರಿಂಗ್ ಕೂರಿಸುವ ಚಿಕ್ಕ ಹೈಡ್ರಾಲಿಕ್ ಪ್ರೆಸ್ ನೋಡಿದ್ದೀರಾ? ಎಷ್ಟೋ ಕಡೆ ಅದು ಕಬ್ಬಿಣದ ಚೌಕಟ್ಟಿನೊಳಗೆ ನಿಲ್ಲಿಸಿದ ಜಾಕ್ ಅಷ್ಟೆ. ಟನ್ನಿನಷ್ಟು ತೂಗುವ ಜೀಪನ್ನು ಎತ್ತುವ ಶಕ್ತಿಗೆ ನೂಲ್‌ಪುಟ್ಟಿನ ಹಿಟ್ಟು ಎಷ್ಟರದು? ಶಕ್ತಿ ಸಾಲದೆ ಕೆಟ್ಟಿದ್ದಲ್ಲ, ಹೆಚ್ಚಾಗಿ ಕೆಟ್ಟಿದ್ದು. ಕೈಯಲ್ಲಿ ಒತ್ತುವಾಗ ಸಾಕಾಗುತ್ತಿದ್ದ ತೂತಿನ ತಗಡು ಜಾಕ್‌ನ ಒತ್ತಡಕ್ಕೆ ತೆಳುವಾಯಿತು. ದಪ್ಪ ತಟ್ಟೆ ಹಾಕಿ ಅಡಿಯಲ್ಲಿ ಎರಡು ಪಟ್ಟಿ ಕೊಟ್ಟಿದ್ದರೆ ನಿಮ್ಮ ಮನೆಯಲ್ಲಿ ಆ ಪ್ರೆಸ್ ಈಗಲೂ ನೂಲ್‌ಪುಟ್ಟು ಒತ್ತುತ್ತಿತ್ತು ಎಂದು ನನ್ನ ನಂಬಿಕೆ.

ಚಿತ್ರದ ಬಗ್ಗೆ ನನಗೂ ತಕರಾರುಗಳಿವೆ. ಕಾರು ಹಾರಿದ ಮೇಲೆ ಕತೆ ವಲ್ಗೇರಿಯಾ ಎಂಬ ಕಾಲ್ಪನಿಕ ರಾಜ್ಯಕ್ಕೆ ಹೋಗಿ ಉದ್ದವಾಗುತ್ತದೆ, ಎರಡು ಗಂಟೆ ದಾಟಿದ ಚಿತ್ರದಲ್ಲಿ ಸಂಶೋಧಕನ ಕೆಲಸ ಹಿಂದೆ ಸರಿಯುತ್ತದೆ. ಮಕ್ಕಳನ್ನು ಹಿಡಿಯುವ ಉದ್ದ ಮೂಗಿನವನು ಬಂದಾಗ ಮೊಮ್ಮಗ ಹೆದರಬಹುದು, ಪಕ್ಕದಲ್ಲಿರಿ. ಕೊನೆಯಲ್ಲಿ ಪಾಟ್ಸ್ ಮಾಡಿದ ಸೀಟಿ ಊದುವ ಮಿಠಾಯಿಯನ್ನು ಕಾರ್ಖಾನೆಯ ಒಡೆಯ ನಾಯಿಗಳ ತಿನಿಸಾಗಿ ಮಾರಲು ಒಪ್ಪುತ್ತಾನೆ, ಪಾಟ್ಸ್ ಹಣವಂತನಾಗುತ್ತಾನೆ. ಇದು ನನಗೆ ಹಿಡಿಸಲಿಲ್ಲ. ಹಣ ಬರುವ ಮೊದಲೂ ಆ ಮಕ್ಕಳಿಗೆ ಅವನ ಮೇಲೆ ಇದ್ದ ನಂಬಿಕೆಯಲ್ಲಿ ಕೊರತೆ ಇರಲಿಲ್ಲ.

ಆ ಜಾಕ್ ಮತ್ತು ಮಣೆ ಕೊಟ್ಟಿಗೆಯಲ್ಲೋ ಅಟ್ಟದಲ್ಲೋ ಇನ್ನೂ ಇದ್ದರೆ ಮೊಮ್ಮಗನ ಕೈಯಲ್ಲೇ ಒಂದು ಫೋಟೋ ತೆಗೆಸಿ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಜಾಕ್ ಎಷ್ಟು ಟನ್ನಿನದೆಂದು ಅದರ ಮೈಮೇಲೆ ಬರೆದಿರುತ್ತದೆ, ಅದನ್ನು ಗುರುತು ಮಾಡಿಕೊಳ್ಳಿ. ಬಾಗಿದ ತಗಡನ್ನು ಎಸೆದಿಲ್ಲವಾದರೆ ಅದರ ದಪ್ಪವನ್ನೂ ಅಳೆದು ಬರೆಯಿರಿ.

- ಸಂಪಾದಕ